ಕೆರೆ ನಮ್ಮದು, ತೂಬು ಅವರದು

ಸೂಳೆಕೆರೆಯ ಒಂದು ತೂಬನ್ನು ಪರದೇಶದ ಕಂಪನಿಗೆ ಬಿಟ್ಟುಕೊಡುವ ತೀರ್ಮಾನವಾದಾಗ ನನ್ನನ್ನು ಯಾರೂ ಕೇಳಲಿಲ್ಲ. ಆಗ ನಾನು ಚನ್ನಗಿರಿಯಲ್ಲಿ ಮರಾಮತ್ತಿನ ಓವರ್‌ಸಿಯರ್. ಏರಿಯ ಮೇಲೆ ಬೆಳೆದ ಗಿಡ ಕಡಿಸುವುದು, ಕೋಡಿಯ ಕಲ್ಲು ಜರುಗಿದರೆ ಕೂರಿಸುವುದು, ನಾಲೆಗೆ ಹೊತ್ತುಹೊತ್ತಿಗೆ ನೀರು ಬಿಡಿಸುವುದು ನನ್ನ ಕೆಲಸ. ಇಂಥವನ ಅಭಿಪ್ರಾಯ ಕೇಳುವ ರೂಢಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೆ ತೀರ್ಮಾನವನ್ನು ಊರವರಿಗೆ ಕನ್ನಡದಲ್ಲಿ ತಿಳಿಹೇಳುವ ಕೆಲಸ ಮಾತ್ರ ನನ್ನ ತಲೆಗೇ ಬಂತು.

ಯೋಜನೆ ಹೇಳಲು ಸುಲಭವಾಗಿತ್ತು. ತೂಬಿನಿಂದ ಧುಮುಕುವ ನೀರಿನ ದಾರಿಯಲ್ಲಿ ಟರ್ಬೈನು ಕೂರಿಸುವುದು. ಅದರೊಳಗಿನ ಚಕ್ರವನ್ನು ನೀರು ತಿರುಗಿಸುತ್ತದೆ, ಚಕ್ರ ಡೈನಮೊ ತಿರುಗಿಸುತ್ತದೆ, ಅಲ್ಲಿ ಹುಟ್ಟಿದ ಕರೆಂಟು ತಂತಿಯ ಮೇಲೆ ಚನ್ನಗಿರಿಗೂ ಅಲ್ಲಿಂದ ಹೊನ್ನಾಳಿ, ನ್ಯಾಮತಿಗೂ ಹೋಗುತ್ತದೆ. ಕೆಲಸ ಮುಗಿಸಿದ ನೀರು ಮತ್ತೆ ನಾಲೆಗೇ ಬೀಳುತ್ತದೆ. ಕಂಪನಿಯ ಷೇರು ಕೊಂಡವರೆಲ್ಲ ಲಂಡನ್ನಿನವರು. ಯಂತ್ರ ಜರ್ಮನಿಯದು, ಅಲ್ಲಿನ ಕಾರ್ಖಾನೆಯವರು ಸಾಲದ ಮೇಲೆ ಕೊಡುತ್ತಿದ್ದರು. ಲಂಡನ್ನಿನ ಹಣ, ಜರ್ಮನಿಯ ಯಂತ್ರ, ನಮ್ಮ ನೀರು. ಈ ಮೂರರಲ್ಲಿ ಯಾವುದಕ್ಕೆ ಬೆಲೆ ಕಟ್ಟಿರಲಿಲ್ಲವೆಂದು ನಾನು ಹೇಳಬೇಕಾಗಿಲ್ಲ.

ಒಪ್ಪಂದದಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಎಲ್ಲ ಅಚ್ಚಾಗಿಯೇ ಇತ್ತು. ಆ ತೂಬು ಒಂದು ತಲೆಮಾರಿನ ಕಾಲ ಕಂಪನಿಯ ಕೈಯಲ್ಲಿ. ತೆರೆಯುವುದೂ ಮುಚ್ಚುವುದೂ ಅವರ ಎಂಜಿನಿಯರನ ಮಾತಿನಂತೆ. ಕರೆಂಟು ಖರ್ಚಾಗಲಿ ಬಿಡಲಿ, ಕಂಪನಿಗೆ ವರ್ಷಕ್ಕಿಷ್ಟು ಲಾಭವನ್ನು ಸರ್ಕಾರ ತುಂಬಿಕೊಡಬೇಕು. ಯುದ್ಧ, ದಂಗೆ, ಹಡಗಿನ ಅಪಘಾತ, ಇಂಥದ್ದೇನಾದರೂ ಆಗಿ ಕಂಪನಿ ಕರೆಂಟು ಕೊಡಲಾಗದಿದ್ದರೆ ತಪ್ಪು ಅದರದಲ್ಲ. ಅದೇ ಕಾರಣಕ್ಕೆ ನಾವು ನೀರು ಕೊಡಲಾಗದಿದ್ದರೆ ತಪ್ಪು ನಮ್ಮದು.

ಊರವರ ಸಭೆ ಮುಸಾಫಿರಖಾನೆಯ ಮುಂದೆ ಸೇರಿತ್ತು. ಕಂಪನಿಯ ಎಂಜಿನಿಯರ್, ನಡುವಯಸ್ಸಿನ ಒಬ್ಬ ದೊರೆ, ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಬೊಂಬಾಯಿಯಿಂದ ಬಂದ ಕಂಪನಿಯ ಏಜೆಂಟರು. ನಮ್ಮ ಸೀಮೆಯವರೇ, ಅಲ್ಲಿ ಹೋಗಿ ನೆಲೆಸಿದವರು. ನಾನು ನಿಂತು ಎಲ್ಲ ಹೇಳಿ ಮುಗಿಸಿದಾಗ ನಾಲೆಯ ಕೊನೆಯ ಹಳ್ಳಿಯ ಗೌಡ್ತಿ ಎದ್ದು ನಿಂತರು. ಗಂಡ ಇಲ್ಲದ ಹೆಂಗಸು, ಊರಿನ ಅರ್ಧ ಗದ್ದೆ ಅವರ ಮನೆತನದ್ದು.

"ಮಿಷಿನ್ ನೀರು ಕುಡಿಯಾಂಗಿಲ್ಲ ಅಂದ್ರಿ. ಒಪ್ಪಿದ್ವಿ," ಅಂದರು. "ಆದ್ರೆ ನಮಗೆ ಬ್ಯಾಡದ ಹೊತ್ನಾಗೆ ಬಿಟ್ರೆ ಹಳ್ಳ ಸೇರ್ತೈತಿ. ಬೇಕಾದ ಹೊತ್ನಾಗೆ ಮುಚ್ಚಿದ್ರೆ ಗದ್ದೆ ಒಣಗ್ತೈತಿ. ಹೊತ್ತು ನೋಡೋರು ಯಾರು ಸ್ವಾಮಿ? ನೀವೋ, ಅವರೋ?"

ನಾನು ಇದನ್ನು ಇಂಗ್ಲಿಷಿನಲ್ಲಿ ದೊರೆಗೆ ಹೇಳಿದೆ. ಅವರು "ಪ್ರಶ್ನೆ ಸರಿಯಾಗಿದೆ" ಎಂದರು. ಏಜೆಂಟರು ತಾವೇ ಎದ್ದು, "ಎಲ್ಲರಿಗೂ ಅನುಕೂಲವಾಗುವಂತೆ ನೋಡಿಕೊಳ್ಳುತ್ತೇವೆ ತಾಯಿ" ಎಂದು ಕೈಮುಗಿದು ಸಭೆ ಮುಗಿಸಿದರು.

ಆ ಪ್ರಶ್ನೆ ನನ್ನದೂ ಆಗಿತ್ತು. ಅದಕ್ಕೆ ಉತ್ತರವೂ ಇತ್ತು. ಟರ್ಬೈನಿನ ಕೆಳಗೆ ಒಂದು ಸಣ್ಣ ಕಟ್ಟೆ ಕಟ್ಟಿ, ಚಕ್ರ ತಿರುಗಿಸಿ ಬಂದ ನೀರನ್ನು ಅಲ್ಲಿ ನಿಲ್ಲಿಸಿಕೊಂಡು, ಗದ್ದೆಗೆ ಬೇಕಾದಾಗ ಬಿಡುವುದು. ಜೊತೆಗೆ ಟರ್ಬೈನು ಕೆಟ್ಟು ನಿಂತಾಗ ನೀರು ಅದರ ಪಕ್ಕದಿಂದ ಬಳಸಿ ನಾಲೆಗೆ ಹೋಗುವಂತೆ ಇನ್ನೊಂದು ದೊಡ್ಡ ಕೊಳವೆ. ನಾನು ಮಟ್ಟ ಹಿಡಿದು ನಕ್ಷೆ ಬರೆದು ದೊರೆಗೆ ಕೊಟ್ಟೆ. ಅವರು ಕೆರೆಯ ಕೆಳಗೆ ನನ್ನೊಂದಿಗೆ ನಡೆದು ನೋಡಿ, ತಮ್ಮ ಶಿಫಾರಸು ಬರೆದು ಲಂಡನ್ನಿಗೆ ಕಳಿಸಿದರು. ವಾಪಸು ಬಂದದ್ದು ಇಷ್ಟು: ಕಟ್ಟೆ ಬೇಡ, ಅನಗತ್ಯ ವೆಚ್ಚ. ಬಳಸು ಕೊಳವೆ ಬೇಕಾದರೆ ಇಡಿ, ಅಗಲ ಕಡಿಮೆ ಮಾಡಿ. ಸೂಳೆಕೆರೆಯನ್ನು ಕಣ್ಣಿಂದ ನೋಡದವರು ಮೇಜಿನ ಸುತ್ತ ಕೂತು ಅದರ ಕೊಳವೆಯ ಅಗಲ ಕಡಿಮೆ ಮಾಡಿದ್ದರು. ಆ ಕಾಗದ ನನಗೆ ತೋರಿಸುವಾಗ ದೊರೆಯ ಮುಖ ಕೆಂಪಾಗಿತ್ತು. "ನಾನೂ ಸಂಬಳದವನೇ" ಎಂದಷ್ಟೇ ಅಂದರು.

ಬೇಸಿಗೆಯಲ್ಲಿ ನಾಲೆ ನಿಲ್ಲಿಸಿದ ಮೇಲೆ ಕೆಲಸ ಹತ್ತಿತು. ಹಳೆಯ ತೂಬಿನ ಕಲ್ಲುಗಂಡಿಯೊಳಗೆ ಕಬ್ಬಿಣದ ಕೊಳವೆ ತೂರಿಸಿ ಸುತ್ತ ಗಾರೆ ತುಂಬಿದೆವು. ಕೊಳವೆಯ ಬಾಯಿಗೆ ದೊಡ್ಡ ವಾಲ್ವು, ಅದಕ್ಕೆ ಮುಂಚೆಯೇ ಕವಲೊಡೆದ ಸಣ್ಣ ಬಳಸು ಕೊಳವೆ, ವಾಲ್ವಿನಾಚೆ ಟರ್ಬೈನಿನ ಪೀಠ. ಟರ್ಬೈನು ಬೊಂಬಾಯಿಯಿಂದ ರೈಲಿನಲ್ಲಿ ದಾವಣಗೆರೆಗೆ ಬಂದು, ಅಲ್ಲಿಂದ ಗಾಡಿಯ ಮೇಲೆ ಬಂತು. ಸಾಲಾಗಿ ಎತ್ತು ಹೂಡಿದರೂ ಒಂದು ಮೋರಿಯ ಮೇಲೆ ಚಪ್ಪಡಿ ಮುರಿದು ಗಾಡಿ ಕೂತುಬಿಟ್ಟಿತು. ಎತ್ತಲು ಎರಡು ದಿನ ಹಿಡಿಯಿತು. ಕೂರಿಸುವ ಕೆಲಸ ಚನ್ನಗಿರಿಯ ಒಬ್ಬ ಫಿಟ್ಟರದು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಅಕ್ಕಿ ಗಿರಣಿಗಳ ಎಂಜಿನ್ ರಿಪೇರಿ ಮಾಡಿ ಪಳಗಿದ ಕೈ. ಚಕ್ರವನ್ನು ಅದರ ಮನೆಯೊಳಗೆ ಇಳಿಸಿ, ಸುತ್ತ ಎಲ್ಲ ಕಡೆ ಒಂದೇ ಸಮ ಸಂದು ಬರುವ ತನಕ ಅವರು ಮತ್ತೆಮತ್ತೆ ಎತ್ತಿ ಇಳಿಸಿದರು. ಕೊನೆಗೆ ಒಂದು ಬೆರಳಿನಿಂದ ನೂಕಿದರೆ ಚಕ್ರ ಸದ್ದಿಲ್ಲದೆ ಸುತ್ತಿತು. ಉಸ್ತಾದ್ ಅವತ್ತು ಎಲ್ಲರಿಗೂ ಚಹಾ ಕೊಡಿಸಿದರು.

ಅತ್ತ ಹೊನ್ನಾಳಿ, ನ್ಯಾಮತಿಯ ದಾರಿಯಲ್ಲಿ ಕಬ್ಬಿಣದ ಕಂಬಗಳು ನಿಂತವು. ಸೂರಗೊಂಡನಕೊಪ್ಪದ ಕಡೆಯ ತಾಂಡಾಗಳಿಂದ ಬಂದ ಲಂಬಾಣಿ ಆಳುಗಳು ಗುಂಡಿ ತೋಡಿದರು. ನ್ಯಾಮತಿಯ ಅಂಗಡಿಯವರು ದೀಪ ಎಲ್ಲಿ ತೂಗಹಾಕಬೇಕೆಂದು ತೊಲೆಗಳಿಗೆ ಮೊಳೆ ಹೊಡೆದಿಟ್ಟುಕೊಂಡಿದ್ದರು. ದೀಪಾವಳಿಗೆ ಕರೆಂಟು ಎಂದು ಏಜೆಂಟರು ಡಂಗುರ ಹೊಡೆಸಿದರು.

ಗೌರಿಹಬ್ಬಕ್ಕೆ ಮುಂಚೆ ಯೂರೋಪಿನಲ್ಲಿ ಯುದ್ಧ ಶುರುವಾಯಿತು. ಡೈನಮೊ ಆಗಿನ್ನೂ ಹಡಗಿನಲ್ಲಿತ್ತು. ಆ ಹಡಗು ಜರ್ಮನಿಯದು. ಯಾವುದೋ ಬಂದರಿನಲ್ಲಿ ಅದನ್ನು ಹಿಡಿದು ನಿಲ್ಲಿಸಿದರೆಂದು ಮೊದಲು ಸುದ್ದಿ ಬಂತು, ಅದು ತಿರುಗಿ ತನ್ನ ದೇಶಕ್ಕೇ ಹೋಯಿತೆಂದು ಆಮೇಲೆ ಬಂತು. ಯಾವುದು ನಿಜವೋ ಇವತ್ತಿಗೂ ಗೊತ್ತಿಲ್ಲ. ಲಂಡನ್ನಿನಿಂದ ಹಣ ಹೊರಗೆ ಹೋಗುವುದಕ್ಕೂ ತಡೆ ಬಿತ್ತು. ದೊರೆಗೆ ಸೈನ್ಯದಿಂದ ಕರೆ ಬಂತು. ಹೋಗುವ ದಿನ ಅವರು ನನ್ನ ಕೈಕುಲುಕಿ, "ವಾಲ್ವು ಮುಚ್ಚಿರಲಿ. ಹೊರೆ ಇಲ್ಲದೆ ಚಕ್ರ ತಿರುಗಿದರೆ ಏನಾಗುತ್ತದೆಂದು ನಿಮಗೆ ಗೊತ್ತು" ಎಂದರು.

ಗೊತ್ತಿತ್ತು. ಡೈನಮೊದ ಭಾರವಿಲ್ಲದೆ ನೀರು ಹಾಯಿಸಿದರೆ ಚಕ್ರಕ್ಕೆ ಹಿಡಿತವೇ ಇರುವುದಿಲ್ಲ. ವೇಗ ಏರುತ್ತಲೇ ಹೋಗಿ ತಾನೂ ಒಡೆದು ಸುತ್ತಲಿನದನ್ನೂ ಒಡೆದುಹಾಕುತ್ತದೆ. ಹಾಗಾಗಿ ಏಜೆಂಟರು ವಾಲ್ವಿನ ಕೈಚಕ್ರಕ್ಕೆ ಸರಪಳಿ ಸುತ್ತಿ ಬೀಗ ಜಡಿದು, ಬೀಗದ ಕೈ ಜೇಬಿಗಿಟ್ಟುಕೊಂಡು ಚನ್ನಗಿರಿಯ ಬಾಡಿಗೆ ಮನೆಯಲ್ಲಿ ಕೂತರು. ನಾಲೆಗೆ ಉಳಿದದ್ದು ಆ ಸಣ್ಣ ಬಳಸು ಕೊಳವೆಯ ನೀರು.

ಆ ವರ್ಷ ಮಳೆ ಚೆನ್ನಾಗಿತ್ತು. ಕೆರೆ ಕೋಡಿಯ ಮಟ್ಟಕ್ಕೆ ನಿಂತು ಅಲೆ ಹೊಡೆಯುತ್ತಿತ್ತು. ಏರಿಯ ಈಚೆ ಇಳಿದರೆ ನಾಲೆಯ ಮೊದಲ ಹಳ್ಳಿ ದಾಟುವಷ್ಟರಲ್ಲಿ ನೀರು ಮುಗಿದಿರುತ್ತಿತ್ತು. ಮಹಾನವಮಿ ಕಳೆದು ಮೋಡ ಹೋಯಿತು. ಭತ್ತ ಹೊಡೆಗೆ ಬಂದಿತ್ತು, ತೆನೆ ಇನ್ನೂ ದಂಟಿನೊಳಗೇ ಇತ್ತು. ಆ ಹೊತ್ತಿನಲ್ಲಿ ನೀರು ತಪ್ಪಿದರೆ ತೆನೆ ಹೊರಗೆ ಬರುತ್ತದೆ, ಕಾಳು ಬರುವುದಿಲ್ಲ. ಮಳೆ ಕೈಕೊಟ್ಟರೆ ಜನ ದೇವರನ್ನು ಬೈದುಕೊಂಡು ಸುಮ್ಮನಾಗುತ್ತಾರೆ. ತುಂಬಿದ ಕೆರೆಯ ಬುಡದಲ್ಲಿ ಗದ್ದೆ ಬಿರುಕು ಬಿಟ್ಟರೆ ಯಾರನ್ನು ಬೈಯಬೇಕು?

ಏಜೆಂಟರ ಮನೆಗೆ ಹೋದೆ. ಬೆತ್ತದ ಕುರ್ಚಿ ಹಾಕಿ ಕೂರಿಸಿದರು, ಕಾಫಿ ತರಿಸಿದರು.

"ಕೀಲಿ ಕೊಡಿ. ಉಸ್ತಾದರಿಂದ ಚಕ್ರ ತೆಗೆಸಿ ನೀರು ಬಿಡುತ್ತೇನೆ," ಎಂದೆ. "ಡೈನಮೊ ಬಂದ ಮೇಲೆ ಮತ್ತೆ ಕೂರಿಸೋಣ."

"ಅದು ನನ್ನ ಕೈಯಲ್ಲಿಲ್ಲ. ಲಂಡನ್ನಿಗೆ ಕೇಬಲ್ ಕೊಟ್ಟಿದ್ದೇನೆ. ಉತ್ತರ ಬರಲಿ."

"ಭತ್ತ ಉತ್ತರಕ್ಕೆ ಕಾಯುವುದಿಲ್ಲ."

"ನೋಡಿ, ಯಂತ್ರ ಇನ್ನೂ ಸಾಲದಲ್ಲಿದೆ. ಅದಕ್ಕೆ ಕೈ ಹಚ್ಚಿದರೆ ಕಂಪನಿ ನಷ್ಟ ಕೇಳುತ್ತದೆ. ಬಳಸು ಕೊಳವೆ ಇಟ್ಟಿದ್ದೇವಲ್ಲ. ಒಪ್ಪಂದದಲ್ಲಿ ಇದ್ದದ್ದು ಅಷ್ಟೇ."

ಕಾಫಿ ಮುಟ್ಟದೆ ಎದ್ದು ಬಂದೆ. ನನ್ನ ಮೇಲಿನ ಅಧಿಕಾರಿಗೆ ತಂತಿ ಕೊಟ್ಟೆ. ಮುಂದಿನ ಆಜ್ಞೆಗೆ ಕಾಯತಕ್ಕದ್ದು ಎಂದು ಉತ್ತರ ಬಂತು. ಇನ್ನೊಂದು ತಂತಿ ಕೊಟ್ಟೆ, ಗದ್ದೆಗಳ ಸ್ಥಿತಿ ಬಿಡಿಸಿ ಬರೆದು ಕಾಗದ ಹಾಕಿದೆ. ಅದಕ್ಕೆ ಉತ್ತರವೇ ಬರಲಿಲ್ಲ. ಈ ನಡುವೆ ನೀರುಗಂಟಿಗಳು ಬಳಸು ಕೊಳವೆಯ ನೀರನ್ನು ಸರದಿಯ ಮೇಲೆ ಹಂಚಲು ನೋಡಿದರು. ಇಷ್ಟು ವರ್ಷ ಒಂದೇ ನಾಲೆಯಲ್ಲಿ ಬಾಳಿದ ಊರುಗಳು ಗುದ್ದಲಿ ಹಿಡಿದು ಎದುರುಬದುರು ನಿಂತವು. ಮೇಲಿನ ಹಳ್ಳಿಯವನೊಬ್ಬನ ತಲೆ ಒಡೆಯಿತು. ಆ ರಕ್ತದ ಲೆಕ್ಕ ಯಾವ ಒಪ್ಪಂದದಲ್ಲೂ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಗೌಡ್ತಿ ಎತ್ತಿನಗಾಡಿಯಲ್ಲಿ ನನ್ನ ಮನೆಗೇ ಬಂದರು. ಒಂದು ಸಿವುಡು ಭತ್ತದ ಪೈರನ್ನು ಜಗುಲಿಯ ಮೇಲೆ ಹಾಕಿದರು. ಎಲೆಯ ತುದಿ ಸುರುಳಿ ಸುತ್ತಿಕೊಂಡಿತ್ತು. ನಾನು ಒಂದು ಹೊಡೆ ಸೀಳಿ ನೋಡಿದೆ. ತೆನೆ ಎಳೆಯದಾಗಿತ್ತು, ಇನ್ನೂ ಜೀವವಿತ್ತು.

"ನಾನು ಬೈಯಾಕೆ ಬಂದಿಲ್ಲ," ಅಂದರು. "ನಮ್ಮೂರ ಗಂಡಸ್ರು ನಾಳೆ ಹಾರೆ ತಗಂಡು ತೂಬು ಒಡಿಯಾಕೆ ಹೊರಟಾರೆ. ಗಾರೆ ಕಿತ್ತು ಏರಿಗೇನಾರ ಆದ್ರೆ ಊರೇ ಕೊಚ್ಚಿ ಹೋಗ್ತೈತಿ. ಅವರಿಗೆ ಅದು ತಿಳಿಯವಲ್ದು. ನಿಮಗೆ ತಿಳಿತೈತಿ. ಏನ್ ಮಾಡ್ತೀರಿ ಹೇಳ್ರಿ, ಅವರಿಗೆ ಹೋಗಿ ಹೇಳ್ತೀನಿ."

ನನಗೆ ಏಜೆಂಟರ ಮೇಲೂ ಮೇಲಧಿಕಾರಿಯ ಮೇಲೂ ಬಂದಿದ್ದ ಸಿಟ್ಟು ಆ ಗಳಿಗೆಯಲ್ಲಿ ಬೇರೆ ರೂಪ ತಾಳಿತು. ಇಷ್ಟು ದಿನ ನಾನು ಅಪ್ಪಣೆ ಕೇಳುತ್ತಿದ್ದೆ. ಯಾರನ್ನು ಕೇಳುತ್ತಿದ್ದೆ? ಏರಿ ಕಾಯುವುದಕ್ಕೆ ಸರ್ಕಾರ ಸಂಬಳ ಕೊಟ್ಟು ಇಟ್ಟದ್ದು ನನ್ನನ್ನು. ಏರಿಗೆ ಅಪಾಯ ಬಂದಿದೆಯೆಂದ ಮೇಲೆ ಅಪ್ಪಣೆ ಕೊಡಬೇಕಾದವನು ನಾನೇ.

"ಅವರನ್ನು ತಡೀರಿ ಅಮ್ಮಾ," ಎಂದೆ. "ಇವತ್ತೇ ನೀರು ಬಿಡುವ ಕೆಲಸ ಶುರು ಮಾಡ್ತೀನಿ."

ಏರಿಗೆ ಅಪಾಯವಿರುವುದರಿಂದ ಟರ್ಬೈನಿನ ಚಕ್ರ ತೆಗೆದು ನಾಲೆಗೆ ನೀರು ಬಿಡುತ್ತಿದ್ದೇನೆ ಎಂದು ನನ್ನ ಹೆಸರಿನಲ್ಲೇ ಆಜ್ಞೆ ಬರೆದು, ಒಂದು ಪ್ರತಿ ಏಜೆಂಟರಿಗೂ ಒಂದು ಪ್ರತಿ ಠಾಣೆಗೂ ಕಳಿಸಿದೆ. ಆಮೇಲೆ ಉಸ್ತಾದರ ಅಂಗಡಿಗೆ ಹೋದೆ. ಅವರು ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು.

"ನಾನೇ ಕೂರ್ಸಿದ್ದು ಸಾಬ್. ನನ್ ಕೈಲೇ ಬಿಚ್ಚಿಸ್ಬ್ಯಾಡ್ರಿ. ಒಮ್ಮೆ ಬಿಚ್ಚಿದ್ರೆ ಆ ಸಂದು ಮತ್ತೆ ಹಂಗೇ ಬರ್ತೈತೆ ಅಂತ ನಾನು ಹೇಳಾಕಾಗಲ್ಲ."

"ಬೇರೆಯವರ ಕೈಗೆ ಕೊಟ್ಟರೆ ಒಡೆದೇ ತೆಗೀತಾರೆ ಉಸ್ತಾದ್."

ಅವರು ಬೋಲ್ಟು ಬಿಚ್ಚುವ ಪಾನಾ ಒಂದನ್ನು ಬಟ್ಟೆಯಿಂದ ಒರೆಸಿ ಚೀಲದಲ್ಲಿಟ್ಟರು. ಆಮೇಲೆ ಟೋಪಿ ಹಾಕಿಕೊಂಡು ಎದ್ದರು. "ನಡೀರಿ. ಅದು ಸಾಯಾದು ಬ್ಯಾಡ, ಬೆಳೆ ಸಾಯಾದೂ ಬ್ಯಾಡ."

ಮೂರು ಕಂಬದ ಮುಕ್ಕಾಲಿ ನಿಲ್ಲಿಸಿ ಸರಪಳಿ ರಾಟೆ ಕಟ್ಟಿದೆವು. ಟರ್ಬೈನಿನ ಮುಚ್ಚಳದ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಸಡಿಲಿಸುತ್ತ ಬಂದೆವು. ಒಂದೇ ಕಡೆ ಬಿಚ್ಚಿದರೆ ಮುಚ್ಚಳ ವಾಲಿ ಅಚ್ಚು ಬಾಗುತ್ತದೆ. ಚಕ್ರ ಅಚ್ಚಿನ ಸಮೇತ ಮೇಲೆ ಬಂತು. ಉಸ್ತಾದ್ ಅದಕ್ಕೆ ಎಣ್ಣೆ ಸವರಿ, ಗೋಣಿತಾಟಿನಲ್ಲಿ ಸುತ್ತಿ, ಹಲಗೆಯ ಮೇಲೆ ಮಲಗಿಸಿದರು. ಚಕ್ರವಿಲ್ಲದ ಟರ್ಬೈನು ಈಗ ಬರೀ ದಾರಿ. ಆದರೆ ಮುಚ್ಚಳ ಮತ್ತೆ ಬಿಗಿದ ಮೇಲೆ ಅದರಲ್ಲಿ ಅಚ್ಚು ಹಾದುಹೋಗುತ್ತಿದ್ದ ತೂತನ್ನು ಮುಚ್ಚಬೇಕಿತ್ತು. ತೇಗದ ಬೆಣೆಗೆ ಸೆಣಬು ಸುತ್ತಿ ಬಡಿದು ಕೂರಿಸಿದೆವು. ವಾಲ್ವಿನ ಸರಪಳಿಯನ್ನು ಉಳಿ ಇಟ್ಟು ಕಡಿಯುವ ಏಟು ನಾನೇ ಹೊಡೆದೆ. ಆ ಏಟನ್ನು ಉಸ್ತಾದರ ತಲೆಗೆ ಕಟ್ಟುವುದು ನನಗೆ ಬೇಕಿರಲಿಲ್ಲ.

ಕೈಚಕ್ರವನ್ನು ಕಾಲುಸುತ್ತು ತಿರುಗಿಸಿದೆವು. ಕೊಳವೆಯೊಳಗೆ ಗಾಳಿ ಗುಡುಗಿತು. ಇನ್ನೊಂದು ಕಾಲುಸುತ್ತು. ಬೆಣೆ ಗುಂಡಿನ ಹಾಗೆ ಹಾರಿ ಯಂತ್ರದ ಕೊಠಡಿಯ ಚಾವಣಿಯ ತಗಡಿಗೆ ಬಡಿಯಿತು. ನಾವೆಲ್ಲ ತೊಯ್ದುಹೋದೆವು. ವಾಲ್ವು ಮುಚ್ಚಿ, ಏದುಸಿರು ಬಿಡುತ್ತ ಗೋಡೆಗೆ ಒರಗಿ ನಿಂತೆವು. ಹೊರಗೆ ಏರಿಯ ಮೇಲೆ ಹಳ್ಳಿಯವರು ನೋಡುತ್ತಿದ್ದರು.

ಕಂಬಗಳ ಬುಡಕ್ಕೆಂದು ತಂದ ಕಬ್ಬಿಣದ ಪಟ್ಟಿಗಳು ಅಂಗಳದಲ್ಲಿ ರಾಶಿ ಬಿದ್ದಿದ್ದವು. ಅದರಲ್ಲೊಂದಕ್ಕೆ ಉಸ್ತಾದ್ ತೂತು ಕೊರೆದು, ಚರ್ಮದ ಪದರ ಇಟ್ಟು ಮುಚ್ಚಳದ ತೂತಿನ ಮೇಲೆ ಬೋಲ್ಟು ಮಾಡಿದರು. ಅದಕ್ಕೆ ಸಂಜೆಯಾಯಿತು. ಮರುದಿನ ಬೆಳಿಗ್ಗೆ ಮತ್ತೆ ತೆರೆದೆವು. ಈ ಸಲ ಪಟ್ಟಿಯ ಅಂಚಿನಲ್ಲಿ ನೀರು ಜಿನುಗಿತು, ಅಷ್ಟೇ. ವಾಲ್ವು ಪೂರ್ತಿ ತೆರೆದಾಗ ನೆಲ ಸಣ್ಣಗೆ ನಡುಗಿ, ಕೆಳಗೆ ನಾಲೆಗೆ ಕೆಂಪು ನೀರು ನುಗ್ಗಿತು. ಒಂದು ದಿನ ಬಿಟ್ಟು ಕೊನೆಯ ಹಳ್ಳಿಗೆ ಹೋಗಿ ನೋಡಿದೆ. ಗೌಡ್ತಿ ಬದುವಿನ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು ಗದ್ದೆಗೆ ನೀರಿನ ಮಡೆ ತಿರುಗಿಸುವವರಿಗೆ ಗದರುತ್ತಿದ್ದರು. ನನ್ನನ್ನು ನೋಡಿ, "ಉಂಡು ಹೋಗ್ರಿ" ಅಂದರು. ಉಂಡು ಬಂದೆ. ಬೆಳೆಯ ಹೆಚ್ಚಿನ ಪಾಲು ಉಳಿಯಿತು.

ಆಮೇಲೆ ಆದದ್ದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಕಂಪನಿ ದೂರು ಕೊಟ್ಟಿತು. ವಿಚಾರಣೆಗೆ ಒಬ್ಬ ದೊಡ್ಡ ಅಧಿಕಾರಿ ಬಂದರು. ಕೆಟ್ಟವರಲ್ಲ, ಓದಿಕೊಂಡವರು. ಗದ್ದೆ ನೋಡಿ ಬರೋಣವೆಂದು ನಾನು ಕರೆದಾಗ, ಅದು ವಿಚಾರಣೆಗೆ ಸಂಬಂಧಿಸಿದ್ದಲ್ಲ ಎಂದರು.

"ಯಂತ್ರ ಕಂಪನಿಯ ಸ್ವತ್ತೆಂದು ನಿಮಗೆ ಗೊತ್ತಿರಲಿಲ್ಲವೆ?"

"ಗೊತ್ತಿತ್ತು. ಚಕ್ರ ಅವರದು. ನೀರು ಅಲ್ಲ."

"ಒಪ್ಪಂದದ ಪ್ರಕಾರ ಆ ತೂಬಿನೊಳಗೆ ಬಂದ ನೀರಿನ ಮೇಲೂ ಅಧಿಕಾರ ಅವರದೇ."

"ಹಾಗಾದರೆ ಒಪ್ಪಂದ ತಪ್ಪು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಪ್ಪೇ ಇರಬಹುದು. ಆದರೆ ಇವತ್ತು ಇವರಿಗೆ ಕೊಟ್ಟ ಮಾತು ಮುರಿದರೆ ನಾಳೆ ಯಾವ ಹೊರಗಿನ ಬ್ಯಾಂಕೂ ನಮಗೆ ಸಾಲ ಕೊಡುವುದಿಲ್ಲ. ದೊಡ್ಡ ಕೆಲಸಗಳು ಇನ್ನೂ ಬಹಳ ಇವೆ. ನೀವು ಒಂದು ನಾಲೆ ನೋಡುತ್ತೀರಿ. ನಾವು ಇಡೀ ಸಂಸ್ಥಾನ ನೋಡಬೇಕು."

"ಇಡೀ ಸಂಸ್ಥಾನ ಇಂಥ ನಾಲೆಗಳಿಂದಲೇ ಆಗಿರುವುದು ಸ್ವಾಮಿ" ಎಂದೆ. ಅವರು ಅದನ್ನು ಬರೆದುಕೊಳ್ಳಲಿಲ್ಲ.

ತೀರ್ಪು ಬಂತು. ಬೇಸಿಗೆಯಲ್ಲಿ ನಾಲೆ ನಿಂತಾಗ ಚಕ್ರವನ್ನು ಮೊದಲಿದ್ದಂತೆ ಕೂರಿಸಬೇಕು. ಓವರ್‌ಸಿಯರನಿಗೆ ಬಡ್ತಿ ಇಲ್ಲ, ಬೇರೆ ಕಡೆಗೆ ವರ್ಗ. ಕಂಪನಿಗೆ ಆದ ನಷ್ಟವನ್ನೂ ಭರವಸೆ ಕೊಟ್ಟ ಲಾಭವನ್ನೂ ಸರ್ಕಾರ ತುಂಬಿಕೊಡಬೇಕು. ಒಂದು ದೀಪವನ್ನೂ ಹೊತ್ತಿಸದ ಕಂಪನಿಗೆ ಲಾಭ. ಮುಂದಿನ ಮಳೆಗಾಲಕ್ಕೆ ಬಳಸು ಕೊಳವೆ ಅಗಲ ಮಾಡಲು ಮಾತ್ರ ಒಪ್ಪಿಗೆ ಸಿಕ್ಕಿತು, ಅದೂ ನಮ್ಮ ಖರ್ಚಿನಲ್ಲಿ. ಬೇಸಿಗೆಯಲ್ಲಿ ನಾನೂ ಉಸ್ತಾದರೂ ಚಕ್ರ ಕೂರಿಸಿದೆವು. ಸಂದು ಮೊದಲಿನಂತೆ ಬರಲು ಉಸ್ತಾದ್ ವಾರಗಟ್ಟಲೆ ಒದ್ದಾಡಿದರು. ಬಂತು. ಈ ಸಲ ಅವರು ಯಾರಿಗೂ ಚಹಾ ಕೊಡಿಸಲಿಲ್ಲ. ಪಾನಾಗಳನ್ನು ಚೀಲಕ್ಕೆ ತುಂಬಿಕೊಂಡು, "ಇನ್ನು ಇದರ ಹತ್ರ ನನ್ನ ಕರೀಬ್ಯಾಡ್ರಿ ಸಾಬ್" ಎಂದು ಹೇಳಿ ಹೋದರು. ಆ ಚಕ್ರ ಒಮ್ಮೆಯೂ ನೀರಿಗೆ ತಿರುಗಲಿಲ್ಲ. ಯುದ್ಧ ಮುಗಿದ ಮೇಲೆ ಕಂಪನಿಯವರು ಬಂದು ಬಿಚ್ಚಿ ಬೊಂಬಾಯಿಯಲ್ಲಿ ಮಾರಿಕೊಂಡರೆಂದು ಕೇಳಿದೆ.

ನನ್ನನ್ನು ಹಾಕಿದ್ದು ಜಗಳೂರಿಗೆ. ಮೊದಲ ನಕ್ಷೆಯಲ್ಲಿ ಜಗಳೂರಿಗೂ ತಂತಿ ಎಳೆದಿದ್ದರು, ಆಮೇಲೆ ದೂರವೆಂದು ಅಳಿಸಿದ್ದರು. ನಾನು ಅಲ್ಲಿ ಸೇರಿದ ಎರಡನೆಯ ವರ್ಷ, ಕಂಪನಿಗೆ ತುಂಬಿಕೊಡುವ ಹಣಕ್ಕೆಂದು ತಂತಿ ಬರಬೇಕಿದ್ದ ತಾಲ್ಲೂಕುಗಳ ಪಟ್ಟಣದ ಮನೆಗಳ ಮೇಲೆ ದೀಪದ ಪಟ್ಟಿ ಎಂಬ ಕಂದಾಯ ಹಾಕಿದರು. ಹಾಕುವಾಗ ಹಳೆಯ ನಕ್ಷೆಯನ್ನೇ ಹಿಡಿದಿದ್ದರು, ಹಾಗಾಗಿ ಜಗಳೂರೂ ಸೇರಿತು.

ವಸೂಲಿಗೆ ಬಂದ ಜವಾನ ಜಗುಲಿಯ ಕೆಳಗೆ ನಿಂತು ಸಂಕೋಚಪಟ್ಟ. "ಎಲ್ರೂ ಕಟ್ಯಾರೆ ಸ್ವಾಮಿ. ನೀವು ಸರ್ಕಾರದೋರು, ನೀವೇ ಇಲ್ಲ ಅಂದ್ರೆ ಹೆಂಗೆ?"

"ನಾನು ಕಟ್ಟುವುದಿಲ್ಲಪ್ಪ," ಎಂದೆ.

ಎರಡು ಸಲ ನೋಟೀಸು ಬಂತು. ಮೂರನೆಯ ಸಲ ಅವನು ಇನ್ನಿಬ್ಬರನ್ನು ಕರೆದುಕೊಂಡು ಜಪ್ತಿಗೇ ಬಂದ. ಬಚ್ಚಲಲ್ಲಿ ನನ್ನ ಹೆಂಡತಿ ತವರಿನಿಂದ ತಂದ ತಾಮ್ರದ ಹಂಡೆ ಒಲೆಯ ಮೇಲಿತ್ತು, ನೀರು ಕಾಯುತ್ತಿತ್ತು. ಆಕೆಗೆ ಎಲ್ಲ ವಿಷಯ ಗೊತ್ತಿತ್ತು. ಬಾಗಿಲಲ್ಲಿ ನಿಂತು ನನ್ನ ಮುಖವನ್ನೊಮ್ಮೆ ನೋಡಿದಳು. "ಕೊಟ್ಟುಬಿಡಿ" ಎನ್ನುತ್ತಾಳೆಂದುಕೊಂಡೆ. ಹಣವನ್ನೋ ಹಂಡೆಯನ್ನೋ ಎಂದು ನಾನು ಯೋಚಿಸುತ್ತಿದ್ದಾಗ ಆಕೆಯೇ ಬಚ್ಚಲಿಗೆ ಹೋಗಿ, ಒಲೆಯ ಕೊಳ್ಳಿ ಹೊರಗೆಳೆದು, ಬಿಸಿನೀರನ್ನು ಬಕೆಟ್ಟುಗಳಿಗೆ ಬಗ್ಗಿಸಿ, ಖಾಲಿ ಹಂಡೆಯನ್ನು ಮಸಿಯ ಸಮೇತ ಉರುಳಿಸಿಕೊಂಡು ಬಂದು ಅವರ ಮುಂದೆ ನಿಲ್ಲಿಸಿದಳು.

"ಬಿಸಿ ಐತೆ. ಕೈ ಸುಟ್ಕೋಬ್ಯಾಡ್ರಿ," ಅಂದಳು.